ಬಾಲದಿಂದ ಬರೆದ ಹೆಸರು

ದಿನವಿಡೀ ಕಾಗದಗಳಿಗೆ ರುಜು ಹಾಕುವ ನೌಕರಿಯಲ್ಲಿ ನನ್ನ ಆಯುಷ್ಯ ಕಳೆಯಿತು. ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಎತ್ತಿ ಕೈಗೆ ಕೊಟ್ಟದ್ದಲ್ಲ. ಆದರೂ ರುಜು ಎಂದ ಕೂಡಲೇ ನನ್ನ ಕಣ್ಣಿಗೆ ಕಟ್ಟುವುದು ನನ್ನದಲ್ಲ, ಅವ್ವನದು. ಅವಳಿಗೆ ಅದನ್ನು ಕಲಿಸಿದವರು ಮುಂದೆ ನಮ್ಮ ಕಡೆಯ ಎಂ.ಎಲ್.ಎ. ಆದರು. ಆಗುವುದಕ್ಕೆ ಮುಂಚೆ ಒಮ್ಮೆ ಸೋತರು. ಸೋಲಿಸಿದ್ದೂ ಅದೇ ರುಜು.

ಕೊಳ್ಳೇಗಾಲದಲ್ಲಿ ಆಗ ಮಗ್ಗದ ಸದ್ದು ಕೆಲವು ಬೀದಿಗಳಲ್ಲಿದ್ದರೆ, ರೇಷ್ಮೆಗೂಡು ಬೇಯುವ ವಾಸನೆ ಎಲ್ಲ ಬೀದಿಗಳಲ್ಲೂ ಇತ್ತು. ಊರಾಚೆ ಒಬ್ಬ ಸಾಹುಕಾರರ ಫಿಲೇಚರ್ ಇತ್ತು. ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆ ಅದು. ಹೆಂಗಸರು ಸಾಲಾಗಿ ಕೂತು, ಹೊಗೆಯಾಡುವ ನೀರಿನೊಳಗೆ ಬೆರಳಿಟ್ಟು ಎಳೆ ಹುಡುಕಿ ರಾಟೆಗೆ ಹತ್ತಿಸುತ್ತಿದ್ದರು. ಅವ್ವ ಅವರಲ್ಲಿ ಒಬ್ಬಳು. ಅಪ್ಪ ನಾನು ತೊದಲುವ ಕಾಲಕ್ಕೇ ತೀರಿಕೊಂಡಿದ್ದ. ಸಂಜೆ ಮನೆಗೆ ಬಂದಾಗ ಅವ್ವನ ಬೆರಳುಗಳು ನೆನೆಸಿಟ್ಟ ಅವರೆಕಾಳಿನಂತೆ ಊದಿ ಬೆಳ್ಳಗಾಗಿರುತ್ತಿದ್ದವು. ಹರಳೆಣ್ಣೆ ಸವರಿಕೊಂಡು ಸ್ವಲ್ಪ ಹೊತ್ತು ಕೈಯನ್ನು ಗಾಳಿಗೆ ಹಿಡಿದು ಕೂತು, ಆಮೇಲೆ ಒಲೆ ಹಚ್ಚುತ್ತಿದ್ದಳು.

ಫಿಲೇಚರಿನ ಗೋಡೆಯಾಚೆ ಬಾಯ್ಲರ್ ಇತ್ತು. ಅದಕ್ಕೆ ಸೌದೆ ಒಟ್ಟುವ ಕೆಲಸ ನಾನು ಹೇಳುತ್ತಿರುವ ಈ ಮನುಷ್ಯರದು. ಎಲ್ಲರೂ ಅವರನ್ನು ಬಾಯ್ಲರಣ್ಣ ಎನ್ನುತ್ತಿದ್ದರು. ನನಗೆ ಮಾವ. ಅವ್ವ ಮಾತ್ರ ವಯಸ್ಸಿನಲ್ಲಿ ನಾಲ್ಕು ದಿನ ದೊಡ್ಡವಳೆಂಬ ಹಕ್ಕಿನಿಂದ 'ಲಾ' ಹಚ್ಚಿಯೇ ಮಾತಾಡಿಸುತ್ತಿದ್ದಳು. ನೀರು ಮಿತಿಮೀರಿ ಕಾದಾಗ ಗೋಡೆಯ ಕಿಂಡಿಗೆ ಬಾಯಿಟ್ಟು ಕೂಗುತ್ತಿದ್ದಳಂತೆ:

"ಲಾ ಬಾಯ್ಲರೂ! ಕೈ ಬೆಂದೋಯ್ತಾ ಅದೆ ಕಣ್ಲಾ! ವಸಿ ಕಮ್ಮಿ ಉರುಸು!"

"ಕಮ್ಮಿ ಉರುಸಿದ್ರೆ ಎಳೆ ಬರಕಿಲ್ಲ ಅಂತ ಮೇಸ್ತ್ರಿ ಬೈತಾನೆ ಅಕ್ಕ."

"ಆ ಮೇಸ್ತ್ರಿ ಕೈಯ ತಂದು ಇದ್ರೊಳಕ್ಕೆ ಬುಡು. ಎಳೆ ತಾನೇ ಓಡಿ ಬತ್ತದೆ."

ಆಚೆಯಿಂದ ನಗು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರೂ ತಣ್ಣಗಾಗುತ್ತಿತ್ತು. ಅವರು ಲೀಡರ್ ಆದದ್ದು ಹೇಗೆ ಎಂದು ಆಮೇಲೆ ಪತ್ರಿಕೆಯವರು ಏನೇನೋ ಬರೆದರು. ಅವ್ವ ಹೇಳುತ್ತಿದ್ದದ್ದು ಇಷ್ಟೇ: "ಗೋಡೆ ಆಚೆ ಇದ್ರೂ ಕೂಗು ಕೇಳಿಸ್ಕಂತಿದ್ದ."

ಐವತ್ತಾರರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ನಮ್ಮ ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಬಂತು. ನಾವು ಇದ್ದಲ್ಲೇ ಇದ್ದೆವು, ಊರು ಬೇರೆ ಸೀಮೆಗೆ ಸೇರಿತು. ನಾನು ಆಗ ಪ್ರೈಮರಿ ಶಾಲೆಯಲ್ಲಿದ್ದೆ. ಫಿಲೇಚರಿನ ಗುಮಾಸ್ತ ಮಾತ್ರ ಎಲ್ಲವನ್ನೂ ತಮಿಳಿನಲ್ಲೇ ಬರೆಯುತ್ತಿದ್ದ. ಅವನ ತಮಿಳು ಹೆಂಗಸರಿಗೆ ಮಾತಿನಲ್ಲಿ ಬರುತ್ತಿತ್ತು, ಕಾಗದದ ಮೇಲೆ ಬರುತ್ತಿರಲಿಲ್ಲ. ಕನ್ನಡವೂ ಅಷ್ಟೇ. ದಿನಾ ಬೆಳಿಗ್ಗೆ ಹಾಜರಿಗೆ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುತ್ತಿದ್ದರು.

ತೊಂದರೆ ಇದ್ದದ್ದು ಆ ಹೆಬ್ಬೆಟ್ಟಿನಲ್ಲೇ. ಬಿಸಿನೀರಲ್ಲಿ ಬೆಂದೂ ಬೆಂದೂ ಹೆಂಗಸರ ಹೆಬ್ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಒತ್ತಿದರೆ ಗೆರೆಯೇ ಇಲ್ಲದ ಒಂದು ಕರೀ ಮಚ್ಚೆ ಮೂಡುತ್ತಿತ್ತು. ಎಲ್ಲರದೂ ಒಂದೇ ಮಚ್ಚೆ. ಒಂದು ದಿನ ಗುಮಾಸ್ತ ಅವ್ವನಿಗೆ, ನೀನು ನಿನ್ನೆ ಬಂದೇ ಇಲ್ಲ ಎಂದ. ಬಂದಿದ್ದೆ, ಒತ್ತಿದ್ದೆ ಎಂದಳು ಅವ್ವ. ಅವನು ಪುಸ್ತಕ ತಿರುಗಿಸಿ ಅವಳ ಮುಂದೆ ಹಿಡಿದ.

"ಇದರಲ್ಲಿ ನಿನ್ನದು ಯಾವುದಮ್ಮ? ತೋರಿಸು. ಎಲ್ಲ ಸುಟ್ಟ ಬದನೆಕಾಯಿ ಹಾಗೇ ಇದೆಯಲ್ಲ."

ಅವ್ವ ನೋಡಿದಳು. ಅವಳಿಗೂ ಗೊತ್ತಾಗಲಿಲ್ಲ. ಅವತ್ತು ಮನೆಗೆ ಬಂದು ಹರಳೆಣ್ಣೆ ಸವರಿಕೊಳ್ಳದೆ ಕೂತಿದ್ದಳು. ಹೆಬ್ಬೆರಳನ್ನು ದೀಪದ ಹತ್ತಿರ ಹಿಡಿದು, "ನನ್ನ ಬೆಟ್ಟೇ ನಂಗೆ ಗುರ್ತು ಸಿಗ್ಲಿಲ್ವಲ್ಲ ಮೊಗ" ಎಂದಳು.

ಅದಕ್ಕೇ ಬಾಯ್ಲರಣ್ಣ ಬೆಂಕಿ ಆರಿಸಿದರು. ನಿಜವಾಗಿಯೂ ಆರಿಸಿದರು. ಸೌದೆ ಹೊರಗೆಳೆದು ಬಾಯ್ಲರಿನ ಬಾಗಿಲು ಮುಚ್ಚಿ, ಅದರ ಮುಂದೆ ತುಂಡು ಬೀಡಿ ಸೇದುತ್ತಾ ಕೂತರು. ನೀರು ತಣ್ಣಗಾಯಿತು, ರಾಟೆಗಳು ನಿಂತವು. ಸಾಹುಕಾರರೇ ಬಂದು ಏನಯ್ಯ ಬೇಕು ನಿನಗೆ ಎಂದು ಕೇಳಿದಾಗ, ಕೂಲಿ ಜಾಸ್ತಿ ಕೇಳುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರಂತೆ. ಅವರು ಕೇಳಿದ್ದು ಮಧ್ಯಾಹ್ನದ ಊಟದ ಬಿಡುವಿಗೆ ಇನ್ನು ಸ್ವಲ್ಪ ಹೊತ್ತು ಸೇರಿಸಿ ಎಂದು. ಹೆಂಗಸರು ಸಹಿ ಮಾಡುವುದನ್ನು ಕಲಿಯಬೇಕು, ಇನ್ನು ಮೇಲೆ ಯಾರೂ ಮಚ್ಚೆ ಒತ್ತುವುದಿಲ್ಲ ಎಂದು. ಸಾಹುಕಾರರಿಗೆ ನಗು ಬಂತು. ಇಷ್ಟೇನಾ, ಕಲಿಸ್ಕೊ ಹೋಗು ಎಂದರು. ನಮ್ಮ ಊರಿನ ಕಾರ್ಮಿಕರ ಸಂಘ ಹುಟ್ಟಿದ್ದು ಹಾಗೆ. ಸಂಘ ಎನ್ನುವ ಮಾತು ಯಾರ ಬಾಯಲ್ಲೂ ನೆಟ್ಟಗೆ ಹೊರಳಲಿಲ್ಲ, 'ಸಂಗ' ಎನ್ನುತ್ತಿದ್ದರು. ಅದೂ ಸರಿಯಾಗಿಯೇ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಕಲಿಸಲು ಹೊರಟವರಿಗೇ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ತಮಿಳು ಶಾಲೆಗೆ ಒಂದಷ್ಟು ದಿನ ಹೋಗಿದ್ದರು, ಅಷ್ಟೇ. ಈಗ ಮೈಸೂರು ಸೀಮೆಯೋರು ನಾವು, ಕನ್ನಡದಲ್ಲೇ ಬರೀಬೇಕು ಎಂದು ಹಟ. ಬೆಳಿಗ್ಗೆ ನಮ್ಮ ಶಾಲೆಯ ಮೇಷ್ಟರ ಜಗುಲಿಯಲ್ಲಿ ಕೂತು ಒಂದಕ್ಷರ ಕಲಿತು ಬಂದು, ಮಧ್ಯಾಹ್ನ ಅದನ್ನೇ ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಮರೆತು ಹೋದ ದಿನ, "ಇವತ್ತು ನೆನ್ನೇದೇ ತಿದ್ದಿ" ಎನ್ನುತ್ತಿದ್ದರು.

ಆದರೆ ಒಂದು ಉಪಾಯವನ್ನು ತಾವೇ ಕಂಡುಹಿಡಿದಿದ್ದರು. ಅಲ್ಲಿದ್ದ ಹೆಂಗಸರ ಹೆಸರುಗಳೆಲ್ಲ ಮುಗಿಯುತ್ತಿದ್ದದ್ದು 'ಮ್ಮ' ಎಂದೇ. ಹಾಗಾಗಿ ಅ ಆ ಇ ಈ ಬಿಟ್ಟು ಮೊದಲು 'ಮ್ಮ' ಕಲಿಸಿದರು.

"ಎಲ್ರೂ ಬಾಲ ಬರ್ಕಳಿ. ಬಾಲ ಎಲ್ರಿಗೂ ಒಂದೇ. ತಲೆ ಯಾರ್ಯಾರದು ಏನೇನು ಅಂತ ಆಮೇಲೆ ಒಬ್ಬೊಬ್ರಿಗೂ ಕೊಡ್ತೀನಿ."

"ಬಾಲದಿಂದ ಹಿಡಿಯಕೆ ನಾವೇನು ಎಮ್ಮೆಗಳೇನ್ಲಾ?" ಎಂದಳಂತೆ ಅವ್ವ.

"ಎಮ್ಮೇನೂ ಅಮ್ಮನಂಗೇ ಕೇಳ್ತದೆ ಅಕ್ಕ, ಬರೀ."

ಹೀಗೆ ಕಲಿತದ್ದರಿಂದ ಆ ಹೆಂಗಸರು ಕೊನೆಯವರೆಗೂ ಹೆಸರನ್ನು ಹಿಂದಿನಿಂದಲೇ ಬರೆದರು. ಕಾಗದದ ಬಲತುದಿಯಲ್ಲಿ ಮೊದಲು ದುಂಡಗೆ, ದೊಡ್ಡದಾಗಿ 'ಮ್ಮ' ನಿಲ್ಲಿಸಿ, ಆಮೇಲೆ ಮಿಕ್ಕ ಅಕ್ಷರಗಳನ್ನು ಒಂದೊಂದಾಗಿ ಎಡಕ್ಕೆ ಸೇರಿಸುವುದು. ಜಾಗ ಸಾಲದೆ ಮೊದಲಕ್ಷರ ಚಿಕ್ಕದಾಗಿ ಮೂಲೆಯಲ್ಲಿ ಮುದುಡಿಕೊಳ್ಳುತ್ತಿತ್ತು. ಸಂಘದಿಂದ ಒಬ್ಬೊಬ್ಬರಿಗೂ ಒಂದು ಪೆನ್ಸಿಲ್ ಕೊಟ್ಟಿದ್ದರು. ಒದ್ದೆ ಕೈಯಲ್ಲಿ ಇಟ್ಟುಕೊಳ್ಳಲಾಗದೆ ಎಲ್ಲರೂ ಅದನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆ ಫಿಲೇಚರ್ ಬಿಟ್ಟಾಗ ಹೂವಿನ ಜಾಗದಲ್ಲಿ ಪೆನ್ಸಿಲ್ ಮುಡಿದ ಹೆಂಗಸರ ಸಾಲು ಬೀದಿಯಲ್ಲಿ ನಡೆದು ಬರುವುದನ್ನು ನೋಡಬೇಕಿತ್ತು. ಚಾ ಅಂಗಡಿಯವರು ಚೇಷ್ಟೆ ಮಾಡುತ್ತಿದ್ದರು: "ಬಂದ್ರಪ್ಪ ಅಮಲ್ದಾರ್ರು!" ಅವ್ವ ತಲೆ ತಿರುಗಿಸದೆ, "ಎದ್ದು ನಿಂತ್ಕಳ್ರಿ ಮತ್ತೆ" ಎನ್ನುತ್ತಿದ್ದಳು.

ಗುಮಾಸ್ತ ಆಮೇಲೆ ಯಾರನ್ನೂ ನಿನ್ನದು ಯಾವುದು ಎಂದು ಕೇಳಲಿಲ್ಲ.

ಬಾಯ್ಲರಣ್ಣ ಮುನಿಸಿಪಾಲಿಟಿಗೆ ನಿಂತು ಗೆದ್ದರು. ಯಳಂದೂರಿನ ಕಡೆಯ ನೂಲು ಬಿಚ್ಚುವವರು ಕರೆದರೆಂದು ಸೈಕಲ್ ತುಳಿದುಕೊಂಡು ಹೋದರು. ಬೆಟ್ಟದ ಸೋಲಿಗರು ಕಾಡಿನಲ್ಲಿ ಬಿದಿರು ಕಡಿಯುವ ಕೆಲಸಕ್ಕೆ ಹೋಗುತ್ತಿದ್ದರಲ್ಲ, ಅವರ ಜೊತೆ ಹನೂರಿನಾಚೆ ನಡೆದು ಹೋಗಿ ಉಳಿದು ಬಂದರು. ಬರುವಾಗ ಒಂದು ಬಿದಿರಿನ ಅಂಡೆಯಲ್ಲಿ ಜೇನು ತಂದು ಅವ್ವನಿಗೆ ಕೊಟ್ಟು, "ನಿಮ್ಮ ಬೆಟ್ಟಿಗೆ ಸವರ್ಕಳಿ, ಹರಳೆಣ್ಣೆಗಿಂತ ವಾಸಿಯಂತೆ" ಎಂದರು. ನಾನು ಅದನ್ನು ತಿಂದುಬಿಟ್ಟೆ. ಆಮೇಲೆ ಸಂಘದವರೆಲ್ಲ ಸೇರಿ ಅವರನ್ನು ಅಸೆಂಬ್ಲಿಗೆ ನಿಲ್ಲಿಸಿದರು. ಯಾವ ಪಾರ್ಟಿಯೂ ಅಲ್ಲ, ಏಣಿಯ ಗುರುತು.

ಅದಕ್ಕೆ ಹಿಂದಿನ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟಿರುತ್ತಿದ್ದರು, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಈ ಸಲ ಹೊಸ ಪದ್ಧತಿ. ಒಂದೇ ಚೀಟಿಯ ಮೇಲೆ ಎಲ್ಲರ ಗುರುತೂ ಇರುತ್ತದೆ, ಬೇಕಾದ ಗುರುತಿನ ಹತ್ತಿರ ಸೀಲು ಒತ್ತಿ ಪೆಟ್ಟಿಗೆಗೆ ಹಾಕಬೇಕು. ಬಾಯ್ಲರಣ್ಣ ಇದನ್ನು ಹೇಳಿಕೊಡಲು ಊರೂರು ತಿರುಗಿದರು. ಕಾಮಗೆರೆ, ಶಾಗ್ಯ, ಹನೂರು, ಕಾಡಂಚಿನ ರಾಮಾಪುರ, ಎಲ್ಲ ಕಡೆ ಆಲೂಗಡ್ಡೆಯಲ್ಲಿ ಸೀಲು ಕೆತ್ತಿಕೊಂಡು ಹೋಗಿ, ಹಳೇ ಪೇಪರಿನ ಮೇಲೆ ಒತ್ತಿ ತೋರಿಸಿದರು. ಫಿಲೇಚರಿನ ಹೆಂಗಸರಿಗೆ ಮಾತ್ರ ಹೇಳಲಿಲ್ಲ. ನಮ್ಮೋರು ಓದು ಬರಹ ಬಲ್ಲೋರು, ಅವರಿಗೆ ಹೇಳಿಕೊಡೋದೇನು ಎಂದುಕೊಂಡರು.

ಮತದಾನದ ದಿನ ಅವ್ವ ತಲೆ ತುಂಬ ನೀರು ಹಾಕಿಕೊಂಡು, ಇದ್ದ ಒಂದು ಒಳ್ಳೆ ಸೀರೆ ಉಟ್ಟು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟಳು. ಫಿಲೇಚರಿನ ಹೆಂಗಸರೆಲ್ಲ ಹಾಗೇ ಬಂದಿದ್ದರು. ಮರೆಯೊಳಗೆ ಹೋದಾಗ ಅವರಿಗೆ ಕಂಡದ್ದು ಏನು? ಒಂದು ಮಸಿಯ ಪ್ಯಾಡು, ಒಂದು ರಬ್ಬರ್ ಸೀಲು. ಮಸಿಯ ಪ್ಯಾಡು ಎಂದರೆ ಅವರಿಗೆ ಒಂದೇ ಅರ್ಥ, ಅದು ಸಹಿ ಬಾರದವರಿಗೆ ಇಟ್ಟದ್ದು. ಅದನ್ನು ಬಿಡಿಸಿಕೊಳ್ಳಲೆಂದೇ ಅಲ್ಲವೇ ಬಾಯ್ಲರಣ್ಣ ಬೆಂಕಿ ಆರಿಸಿದ್ದು? ಒಬ್ಬೊಬ್ಬರೂ ಪೆನ್ಸಿಲ್ ತೆಗೆದು, ಏಣಿಯ ಪಕ್ಕದಲ್ಲಿ, ಬಾಲದಿಂದ ಶುರುಮಾಡಿ ತಲೆಯವರೆಗೆ ತಮ್ಮ ಹೆಸರು ಬರೆದು, ಮಡಿಸಿ, ಪೆಟ್ಟಿಗೆಗೆ ಹಾಕಿ ಬಂದರು.

"ಸೀಲು ಒತ್ತಿದ್ಯಾ ಅವ್ವ?" ಎಂದು ನಾನು ಮನೆಯಲ್ಲಿ ಕೇಳಿದೆ. ಹೈಸ್ಕೂಲಿಗೆ ಹೋಗುತ್ತಿದ್ದೆ, ಪೇಪರಿನಲ್ಲಿ ಓದಿದ್ದೆ.

"ಸೀಲು ಯಾಕೆ ಒತ್ತಲಿ? ನಂಗೇನು ಸೈ ಬರಕಿಲ್ವಾ?" ಎಂದಳು. ಅವಳ ಮುಖ ನೋಡಿದರೆ ಏನೂ ಹೇಳುವ ಹಾಗಿರಲಿಲ್ಲ, ಅಷ್ಟು ಗೆಲುವಾಗಿತ್ತು.

ಎಣಿಕೆಯ ಕೋಣೆಯಲ್ಲಿ ಬಾಯ್ಲರಣ್ಣ ಅಭ್ಯರ್ಥಿಯಾಗಿ ಕೂತಿದ್ದರು. ಚೀಟಿಗಳನ್ನು ಬಿಡಿಸುತ್ತಾ ಹೋದ ಅಧಿಕಾರಿ ಒಂದನ್ನು ಎತ್ತಿ ಹಿಡಿದು, ಇದೇನ್ರೀ ಎಂದರಂತೆ. ಆಮೇಲೆ ಇನ್ನೊಂದು. ಮತ್ತೊಂದು. ಮತದಾರರ ಗುರುತು ಸಿಗುವ ಯಾವ ಬರಹವಿದ್ದರೂ ಆ ಚೀಟಿ ಲೆಕ್ಕಕ್ಕಿಲ್ಲ ಎನ್ನುವುದು ಕಾನೂನು. "ಇದೇನು, ಬರೀ ಅಮ್ಮಂದಿರೇ!" ಎಂದು ಯಾರೋ ನಕ್ಕರು. ಬಾಯ್ಲರಣ್ಣ ನಗಲಿಲ್ಲ, ವಾದಿಸಲೂ ಇಲ್ಲ. ಒಂದೊಂದು ಚೀಟಿಯನ್ನೂ ನೋಡುತ್ತಾ ಕೂತರು. ಅವರು ಸೋತ ಅಂತರಕ್ಕಿಂತ ಆ ಪಕ್ಕಕ್ಕಿಟ್ಟ ಕಟ್ಟು ದಪ್ಪಗಿತ್ತು.

ನಮ್ಮ ಸರ್ಕಾರಿ ಕನ್ನಡದಲ್ಲಿ ಅಂಥ ಓಟಿಗೆ ಒಂದು ಹೆಸರಿದೆ. ಕುಲಗೆಟ್ಟ ಮತ. ಯಾವ ಪುಣ್ಯಾತ್ಮ ಆ ಮಾತನ್ನು ಹುಡುಕಿದನೋ ಕಾಣೆ. ಕಚೇರಿಯ ಮುಂದೆ ಮೈಕಿನಲ್ಲಿ ಎಲ್ಲರ ಓಟು ಓದಿ, ಕೊನೆಗೆ ಕುಲಗೆಟ್ಟ ಮತಗಳು ಇಷ್ಟು ಎಂದು ಓದಿದರು. ಅವು ಯಾರವು ಎನ್ನುವುದು ಗೆದ್ದವರ ಕಡೆಯ ಏಜೆಂಟರಿಂದ ಚಾ ಅಂಗಡಿಗೆ, ಅಲ್ಲಿಂದ ಕೊಳಾಯಿಗೆ ಬಂತು. ನೀರು ಹಿಡಿಯಲು ಹೋದ ಅವ್ವನಿಗೆ ಒಬ್ಬಳು ಬಿಂದಿಗೆ ಸರಿಸುತ್ತಾ ಅಂದಳು:

"ಏನವ್ವ, ಕುಲಗೆಟ್ಟೋರೆಲ್ಲ ಸೇರ್ಕಂಡು ಬಾಯ್ಲರಪ್ಪುನ್ನ ಬೀಳ್ಸಿದ್ರಂತೆ? ಸೈ ಕಲ್ತಿದ್ದು ಸಾರ್ಥಕಾಯ್ತು ಬುಡು."

ಅವ್ವ ಖಾಲಿ ಬಿಂದಿಗೆ ಹೊತ್ತು ವಾಪಸು ಬಂದಳು. ಗಂಡನಿಲ್ಲದೆ, ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬದುಕಿದವಳು ಅವಳು. ಆ ಪದ ಅವಳಿಗೆ ಬಿಸಿನೀರಿಗಿಂತ ಹೆಚ್ಚು ಸುಟ್ಟಿತು. ತುರುಬಿನಿಂದ ಪೆನ್ಸಿಲ್ ಕಿತ್ತು ನನ್ನ ಮುಂದೆ ಇಟ್ಟಳು. "ತಕ. ಓದೋಳು ನೀನು. ನಂಗೆ ಬ್ಯಾಡ" ಎಂದಳು. ಮಾರನೆಯ ದಿನ ಹಾಜರಿಗೆ ಹೆಬ್ಬೆಟ್ಟು ಒತ್ತಿದಳು. ಗುಮಾಸ್ತನೇ ಪೆನ್ನು ಮುಂದೆ ಮಾಡಿದರೂ ಮುಟ್ಟಲಿಲ್ಲವಂತೆ.

ಬಾಯ್ಲರಣ್ಣ ಮನೆಗೆ ಬಂದರೆ ಅವ್ವ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಕೋಪದಿಂದಲ್ಲ, ಮುಖ ತೋರಿಸಲಾರದೆ. ಅವರು ಜಗುಲಿಯ ಮೇಲೆ ಕೂತು ನನ್ನ ಪಾಠ ವಿಚಾರಿಸಿ, ನಾನು ಕೊಟ್ಟ ನೀರು ಕುಡಿದು, ಗಟ್ಟಿಯಾಗಿ "ಓಯ್ತೀನಿ ಅಕ್ಕ" ಎಂದು ಹಿತ್ತಿಲಿಗೆ ಕೇಳುವ ಹಾಗೆ ಹೇಳಿ ಎದ್ದು ಹೋಗುತ್ತಿದ್ದರು. ಇದು ವರ್ಷಗಟ್ಟಲೆ ನಡೆಯಿತು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಮತ್ತೆ ಸಹಿಗೆ ಬಂದರು. ಅವ್ವ ಬರಲಿಲ್ಲ. ನಾನು ಮೈಸೂರಿಗೆ ಕಾಲೇಜಿಗೆ ಸೇರಿದಾಗಲೂ ಪೋಷಕರು ಸಹಿ ಮಾಡುವ ಕಾಗದದ ಮೇಲೆ ಒಂದು ಕರೀ ಮಚ್ಚೆಯನ್ನೇ ಒತ್ತಿ ಕಳಿಸಿದಳು. ಹಾಸ್ಟೆಲಿನಲ್ಲಿ ಯಾರಾದರೂ ನಿಮ್ಮ ತಾಯಿಗೆ ಸಹಿ ಬರುತ್ತಾ ಎಂದು ಕೇಳಿದರೆ ಬರುತ್ತೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ.

ಮುಂದಿನ ಚುನಾವಣೆ ಬಂತು. ನಾನು ರಜೆಗೆಂದು ಊರಿಗೆ ಬಂದಿದ್ದೆ. ನಾಮಪತ್ರ ಸಲ್ಲಿಸಲು ಅದೇ ಕೊನೆಯ ದಿನ. ಬೆಳಿಗ್ಗೆ ಬಾಯ್ಲರಣ್ಣ ಬಂದು ಜಗುಲಿಯ ಮೇಲೆ ಕೂರಲಿಲ್ಲ. ನೆಟ್ಟಗೆ ಮನೆ ದಾಟಿ ಹಿತ್ತಿಲಿಗೇ ಹೋದರು. ಅವ್ವ ಸೌದೆ ಸೀಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ಅಕ್ಕ, ನಾಮಿನೇಸನ್‌ಗೆ ಸೂಚಕರು ಒಬ್ರು ಬೇಕು. ಇವ್ನು ನಿಲ್ಲಲಿ ಅಂತ ಊರೋರೊಬ್ರು ಸೈ ಆಕ್ಬೇಕು. ಇಲ್ದಿದ್ರೆ ನಾ ನಿಲ್ಲಂಗೇ ಇಲ್ಲ."

"ಊರ್ ತುಂಬ ಜನ ಅವ್ರೆ. ಓಗಿ ಕೇಳು."

"ನೀ ಆಕ್ಬೇಕು."

"ನಾ ಸೈ ಆಕಿದ್ದುಕ್ಕೆ ಒಂದ್ಸಲ ಬಿದ್ದಿದ್ದೀಯ. ಸಾಲ್ದಾ?"

"ಮಾವ, ನಾನು ಹಾಕ್ತೀನಿ" ಎಂದೆ ನಾನು.

"ನಿಂಗಿನ್ನೂ ಓಟಿನ ವಯಸ್ಸಾಗಿಲ್ಲ ಮೊಗ. ಬಿ.ಎ. ಓದಿದ್ರೂ ಕಾನೂನು ಬುಡಾಕಿಲ್ಲ" ಎಂದು ನಕ್ಕರು. ಆಮೇಲೆ ಸೌದೆಯ ರಾಶಿಯ ಮೇಲೇ ಕೂತರು. ಸೌದೆ ಅವರಿಗೆ ಹೊಸದೇನಲ್ಲ.

"ಅಕ್ಕ, ತಪ್ಪು ನಂದು. ರಾಮಾಪುರಕ್ಕೋಗಿ ಯೋಳ್ದೆ, ಶಾಗ್ಯಕ್ಕೋಗಿ ಯೋಳ್ದೆ, ನಿಮ್ಗೆ ಯೋಳ್ನಿಲ್ಲ. ಅದು ಬುಡು. ಇನ್ನೊಂದು ಮಾತದೆ, ಯಾರ್ಗೂ ಯೋಳಿಲ್ಲ. ಆವತ್ತು ಎಣಿಸೋ ರೂಮ್ನಲ್ಲಿ ಸಾವಿರಾರು ಓಟು ಬಂದೋದೋ. ಎಲ್ಲ ಮೂಗ ಓಟು ಅಕ್ಕ. ಯಾರಾಕಿದ್ರೋ ಏನೋ, ಒಂದೂ ಬಾಯಿ ಬುಡಲಿಲ್ಲ. ನಿಮ್ಮವು ಮಾತ್ರ ಒಂದೊಂದೂ ಹೆಸರು ಯೋಳ್ಕಂಡು ಬಂದೋ. ಇದು ನಾನು ಕಣ್ಲಾ, ನಾನು ಕಣ್ಲಾ ಅಂತ. ನಾ ಕಲಿಸ್ದ ಬಾಲ, ನಾ ಕೊಟ್ಟ ತಲೆ. ಅಷ್ಟು ಜನ ನನ್ ಕೂಡ ಅವ್ರೆ ಅಂತ ಕಣ್ಣಾರೆ ಕಂಡೋನು ಈ ರಾಜ್ಯದಾಗೆ ನಾನೊಬ್ನೇ. ಗೆದ್ದೋನಿಗೂ ಆ ಭಾಗ್ಯ ಇಲ್ಲ."

ಅವ್ವ ಮಚ್ಚು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಕುಲಗೆಟ್ಟಿದ್ದು ಅಂದ್ರಲ್ಲೋ" ಎಂದಳು.

"ಅದು ಅವ್ರ ಬಾಸೆ. ನಾ ಓದಿದ್ದು ನಿನ್ನ ಹೆಸರ."

ಕಚೇರಿಗೆ ನಾವು ಮೂವರೂ ನಡೆದು ಹೋದೆವು. ಅವ್ವ ಬರುತ್ತೇನೆ ಎಂದಿದ್ದಳೇ ಹೊರತು ಹಾಕುತ್ತೇನೆ ಎಂದಿರಲಿಲ್ಲ. ಚುನಾವಣಾಧಿಕಾರಿಯ ಮೇಜಿನ ಮುಂದೆ ನಿಂತಾಗ ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಧಿಕಾರಿ ಒಳ್ಳೆಯ ಮನುಷ್ಯರು. ಅವಳ ಕೈ ನೋಡಿ ತಾವಾಗಿಯೇ ಮಸಿಯ ಪ್ಯಾಡನ್ನು ಅವಳ ಕಡೆಗೆ ಸರಿಸಿದರು.

"ಹೆಬ್ಬೆಟ್ಟು ಹಾಕಿದರೂ ನಡೆಯುತ್ತಮ್ಮ. ನನ್ನ ಎದುರಿಗೇ ಹಾಕಿದರೆ ಸಾಕು. ಗಾಬರಿಯಾಗಬೇಡಿ."

ಪ್ಯಾಡು ಒಂದು ಕಡೆ, ಪೆನ್ನು ಒಂದು ಕಡೆ. ಅವ್ವ ಎರಡನ್ನೂ ನೋಡಿದಳು. ಬಾಯ್ಲರಣ್ಣ ಕಿಟಕಿಯ ಆಚೆ ನೋಡುತ್ತಾ ನಿಂತರು. ನನಗೆ ಹೇಳಬೇಕೆನ್ನಿಸಿ ಬಾಯಿ ತೆರೆದೆ, ಅವರು ಕೈಸನ್ನೆಯಲ್ಲೇ ತಡೆದರು.

"ಪೆನ್ಸಿಲ್ ಇಲ್ವಾ ಬುದ್ದಿ?" ಎಂದಳು ಅವ್ವ.

"ಇಂಕಿನಲ್ಲೇ ಆಗಬೇಕಮ್ಮ."

ಅವಳು ಇಂಕಿನ ಪೆನ್ನು ಹಿಡಿದವಳೇ ಅಲ್ಲ. ಎತ್ತಿಕೊಂಡು, ಮುಳ್ಳು ಯಾವ ಕಡೆ ಎಂದು ನೋಡಿ, ಎಡಗೈಯಿಂದ ಪ್ಯಾಡನ್ನು ಮೆಲ್ಲಗೆ ಅಧಿಕಾರಿಯ ಕಡೆಗೆ ವಾಪಸು ತಳ್ಳಿದಳು. ಬಗ್ಗಿ, ಬಲತುದಿಯಲ್ಲಿ ಒಂದು 'ಮ್ಮ' ಬರೆದಳು. ದುಂಡಗೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು.

"ಇದೇನಮ್ಮ, ಹಿಂದಿನಿಂದ ಬರೀತೀರಿ?"

"ನಮ್ ಸಂಗದೋರು ಬಾಲದಿಂದ್ಲೇ ಸಾ" ಎಂದರು ಬಾಯ್ಲರಣ್ಣ. "ವಸಿ ತಡೀರಿ, ತಲೆ ಬತ್ತದೆ."

ತಲೆಯೂ ಬಂತು. ಜಾಗ ಸಾಲದೆ ಕೊನೆಗೆ, ಎಂದಿನಂತೆ ಚಿಕ್ಕದಾಗಿ. ಮೈಸೂರಿನಲ್ಲಿ ನಾನು ಎಷ್ಟೋ ಚೆಂದದ ಬರಹಗಳನ್ನು ನೋಡಿದ್ದೆ. ಅವತ್ತಿನ ಹಾಗೆ ಒಂದು ಹೆಸರು ಪೂರ್ತಿಯಾಗಲಿ ಎಂದು ಉಸಿರು ಹಿಡಿದು ನಿಂತದ್ದು ಬೇರೆಲ್ಲೂ ಇಲ್ಲ.

ಈ ಸಲ ಅವರು ಆಲೂಗಡ್ಡೆ ಸೀಲನ್ನು ಎಲ್ಲಕ್ಕಿಂತ ಮೊದಲು ತಂದದ್ದು ಫಿಲೇಚರಿಗೆ. ಹೆಂಗಸರೆಲ್ಲ ಒತ್ತಿ ಒತ್ತಿ ಕಲಿತರು. ಗೆದ್ದ ದಿನ ಮಾಲೆ ಹಾಕಿಸಿಕೊಂಡು ನಮ್ಮ ಬೀದಿಗೆ ಬಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ನಮ್ದು ಯಾವ್ದಾದ್ರೂ ಕುಲಗೆಟ್ಟಿತಾ?"

"ಒಂದೂ ಇಲ್ಲ ಅಕ್ಕ. ಎಲ್ಲ ಬಾಯಿ ಮುಚ್ಕಂಡಿದ್ರಿ. ಒಬ್ರ ಹೆಸರೂ ಕಾಣ್ನಿಲ್ಲ, ವಸಿ ಬ್ಯಾಸರಾಯ್ತು."

ಎಂ.ಎಲ್.ಎ. ಆಗಿ ಅವರು ಏನು ಮಾಡಿದರು ಎಂದು ಕೇಳಿದರೆ ದೊಡ್ಡ ಪಟ್ಟಿ ನನ್ನ ಹತ್ತಿರ ಇಲ್ಲ. ರಾಮಾಪುರಕ್ಕೆ ಸಂಜೆ ಒಂದು ಬಸ್ಸು ಬಿಡಿಸಿದರು. ಕಾಡಿನ ಕೂಲಿಯನ್ನು ಕಂಟ್ರಾಕ್ಟರ ಕೈ ತಪ್ಪಿಸಿ ಸೋಲಿಗರ ಕೈಗೇ ಕೊಡಿಸಲು ಬಹಳ ಓಡಾಡಿದರು. ಅರ್ಧ ಆಯಿತು, ಅರ್ಧ ಆಗಲಿಲ್ಲ. ಕೆಮ್ಮು ಹಿಡಿದ ಹೆಂಗಸರನ್ನು ಕಾಮಗೆರೆ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದರು. ಎಂ.ಎಲ್.ಎ. ಬಂದಿದ್ದಾರೆಂದು ನರ್ಸು ಒಳಗೆ ಕರೆದರೆ, "ಕಾಯಿಲೆ ನಂಗಲ್ಲ ಕಣವ್ವ" ಎನ್ನುತ್ತಿದ್ದರು. ಅಸೆಂಬ್ಲಿಯಲ್ಲಿ ನಮ್ಮ ಮಾತಿನಲ್ಲೇ ಮಾತಾಡುತ್ತಿದ್ದರು. ಪೇಪರಿನವರು ಅದನ್ನು ತಿದ್ದಿ ಅಚ್ಚು ಹಾಕುತ್ತಿದ್ದರು. ನನ್ನಿಂದ ಓದಿಸಿ ಕೇಳಿ, "ನಾ ಇಂಗಂದಿದ್ನಾ? ಪರವಾಗಿಲ್ವೇ!" ಎಂದು ಆಶ್ಚರ್ಯಪಡುತ್ತಿದ್ದರು. ನಾನು ಬಿ.ಎ. ಪಾಸಾದ ಸುದ್ದಿ ಕೇಳಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ನನಗೊಂದು ಇಂಕಿನ ಪೆನ್ನು ಕೊಟ್ಟರು. ಅವ್ವನಿಗೂ ಒಂದು ತಂದಿದ್ದರು. ಅವಳು ಅದನ್ನು ತುರುಬಿಗೆ ಸಿಕ್ಕಿಸಿಕೊಂಡು ಸೀರೆಯ ಬೆನ್ನೆಲ್ಲ ನೀಲಿ ಮಾಡಿಕೊಂಡಳು.

ಎಪ್ಪತ್ತರ ದಶಕದಲ್ಲಿ ಫಿಲೇಚರ್ ಮುಚ್ಚಿತು. ಅದನ್ನು ಉಳಿಸಲು ಅವರಿಂದ ಆಗಲಿಲ್ಲ. ಸಾಹುಕಾರರ ಮಕ್ಕಳಿಗೆ ಅದು ಬೇಡವಾಗಿತ್ತು, ಎಂ.ಎಲ್.ಎ. ಒಬ್ಬರು ಬೆಂಕಿ ಆರಿಸುತ್ತೇನೆ ಎಂದು ಹೆದರಿಸಲು ಬೆಂಕಿಯೇ ಇರಲಿಲ್ಲ. ಮುಂದಿನ ಚುನಾವಣೆಗೂ ಅವ್ವನೇ ಸೂಚಕಿ. ಈ ಸಲ ಅವರು ಸೋತರು, ಸ್ವಲ್ಪದರಲ್ಲಲ್ಲ, ಚೆನ್ನಾಗಿಯೇ ಸೋತರು. ಫಲಿತಾಂಶದ ಮಾರನೆಯ ದಿನ ಸೈಕಲ್ ತಳ್ಳಿ­ಕೊಂಡು ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತರು. ಮುಖ ಇಳಿದಿತ್ತು. ನಾನು ಕೆಲಸಕ್ಕೆ ಸೇರಿ ಆಗಿತ್ತು, ಅವತ್ತು ಊರಲ್ಲಿದ್ದೆ. ಅವ್ವ ಕಾಫಿ ತಂದು ಅವರ ಮುಂದೆ ಇಟ್ಟಳು. ಹಿತ್ತಿಲಿಗೆ ಹೋಗಲಿಲ್ಲ. ಎದುರಿಗೇ ಕೂತಳು.

"ಲಾ ಬಾಯ್ಲರು."

"ಏನಕ್ಕ?"

"ಈ ಸಲ ನಾವೆಲ್ಲ ಸರ್ಯಾಗೇ ಒತ್ತಿದ್ದೀವಿ ಕಣ್ಲಾ. ಇದು ನಮ್ ತಪ್ಪಲ್ಲ. ನೀನೇ ಸೋತಿರೋದು."

ಅವರು ಅವಳನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಗೋಡೆಯಾಚೆಯಿಂದ ಕೇಳಿಸುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳಲ್ಲ, ಅದೇ ನಗು ಇರಬೇಕು. ಲೋಟದ ಕಾಫಿ ಪಂಚೆಯ ಮೇಲೆಲ್ಲ ತುಳುಕಿತು.

"ಸೈ ಮಾಡಿ ಆಕಿದ್ರೆ ವಾಸಿಯಾಗಿತ್ತು ಅಕ್ಕ. ಎಂಗೂ ಸೋಲ್ತಿದ್ದೆ. ನಿಮ್ ಹೆಸರಾದ್ರೂ ಓದ್ಕತಿದ್ದೆ."

"ಅದ್ಕೇನು" ಎಂದಳು ಅವ್ವ. ಎದ್ದು ಒಳಗೆ ಹೋಗಿ ನನ್ನ ಹಳೆಯ ಸ್ಲೇಟು ತಂದಳು. ಅವರ ಎದುರಿಗೆ ಕೂತು, ಬಲತುದಿಯಿಂದ ಶುರುಮಾಡಿದಳು.